ಬಾಯಿ ಬಾರದ ರೋಗಿ

ಅಬುಧಾಬಿಯ ನಮ್ಮ ಮನೆಗೆ ಬಂದುಹೋದ ಸದಸ್ಯ ಮಿತ್ರರೆಲ್ಲ ಒಮ್ಮೆಯಾದರೂ ಕೇಳಿದ್ದೀರಿ: "ಏನು ಡಾಕ್ಟ್ರೇ, ಮುಂಗುಸಿ ಸಾಕಿದ್ದೀರಾ?" ಮುಂಗುಸಿಯಲ್ಲ, ಅದು ಫೆರೆಟ್. ಮುಂಗುಸಿ ಪುನುಗು ಬೆಕ್ಕಿನ ಕಡೆಯ ನೆಂಟ. ಫೆರೆಟ್ ನಮ್ಮ ಕಾವೇರಿಯ ನೀರುನಾಯಿಯ ಕುಟುಂಬದ್ದು. 2022ರಲ್ಲಿ ಎದುರು ಫ್ಲ್ಯಾಟಿನವರು ವೀಸಾ ರದ್ದು ಮಾಡಿಸಿ ಊರಿಗೆ ಹೊರಟಾಗ ಸೋಫಾ, ವಾಷಿಂಗ್ ಮಷೀನು ಎಲ್ಲ ಮಾರಿದರು. ಇದನ್ನು ಕೇಳುವವರಿರಲಿಲ್ಲ. ನಮ್ಮ ಮಗಳು ಎತ್ತಿಕೊಂಡು ಬಂದಳು, ಪುಟ್ಟಣ್ಣ ಎಂದು ಹೆಸರಿಟ್ಟಳು.

ಈರುಳ್ಳಿಯನ್ನೂ ಯೋಚಿಸಿ ತಿನ್ನುವ ನಮ್ಮ ಮನೆಗೆ ಅಪ್ಪಟ ಮಾಂಸಾಹಾರಿ! ಫೆರೆಟ್ಟಿನ ಕರುಳು ಬಹಳ ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತದೆ. ಅನ್ನ, ಹಣ್ಣು, ಹಾಲು ಅದಕ್ಕೆ ಒಗ್ಗುವುದಿಲ್ಲ.

2023ರ ನವೆಂಬರಿನಲ್ಲಿ ಅಮ್ಮ ಮೈಸೂರಿನಿಂದ ಬಂದರು. ಅವರು ಬಂದ ಎರಡನೆಯ ವಾರ ಪುಟ್ಟಣ್ಣ ಊಟ ಬಿಟ್ಟಿತು. ತೆಳ್ಳಗೆ ಹಸಿರು ಭೇದಿ, ಮೂಲೆಯಲ್ಲಿ ಕೂತು ಹಲ್ಲು ಕಡಿಯುವುದು. ಹಲ್ಲು ಕಡಿಯುವುದು ಹೊಟ್ಟೆನೋವಿನ ಲಕ್ಷಣವೆಂದು ನಮಗಾಗ ತಿಳಿದಿರಲಿಲ್ಲ. ಮೈಸೂರಿನ ಎಂಬಿಬಿಎಸ್, ಅಮೆರಿಕದ ರೆಸಿಡೆನ್ಸಿ ಎರಡೂ ಇರುವಾಗ ಬೇರೆ ವೈದ್ಯರೇಕೆ ಎಂದುಕೊಂಡು ಥರ್ಮಾಮೀಟರ್ ಇಟ್ಟೆವು. 102 ಡಿಗ್ರಿ! ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪು ಡ್ರಾಪರಿಗೆ ತುಂಬಿಯೂ ಆಯಿತು.

"ಅಪ್ಪಾ, ಒಂದು ಫೋನ್ ಮಾಡಿ ಕೇಳೋಣ," ಎಂದಳು ಮಗಳು. ಕೇಳಿದ್ದು ಒಳ್ಳೆಯದಾಯಿತು. ಫೆರೆಟ್ಟಿಗೆ 100ರಿಂದ 104 ಡಿಗ್ರಿ ಸಹಜ ಶಾಖ. ಪ್ಯಾರಾಸಿಟಮಾಲನ್ನು ಬೆಕ್ಕಿನ ಯಕೃತ್ತಿನಂತೆ ಇದರ ಯಕೃತ್ತೂ ಅರಗಿಸಲಾರದು, ಅದು ವಿಷವೇ. ಇಲ್ಲದ ಜ್ವರಕ್ಕೆ ವಿಷ ಹಾಕಲು ಹೊರಟಿದ್ದೆವು.

ಆ ಅವಮಾನವನ್ನು ಯಾರ ಮೇಲಾದರೂ ಹಾಕಬೇಕಿತ್ತಲ್ಲ, ಅಮ್ಮ ಸಿಕ್ಕರು. ಅವರು ದಿನವೂ ಒಂದು ತುತ್ತು ಮೊಸರನ್ನ ಇಡುತ್ತಿದ್ದುದು ಹೊರಗೆ ಬಂತು. "ಅಮ್ಮಾ, ನಿನಗೆ ಎಷ್ಟು ಸಲ ಹೇಳಿದೀನಿ? ನೀನು ಇಟ್ಟಿದ್ದೇ ಅದಕ್ಕೆ ಹೀಗಾಗಿರೋದು," ಎಂದು ಮಕ್ಕಳೆದುರಿಗೇ ಅಂದುಬಿಟ್ಟೆವು. "ಕಾಲ ಹತ್ರ ಬಂದು ನಿಂತ್ಕೊಳ್ಳತ್ತೆ ಕಣೋ, ಮನಸ್ಸು ತಡೀಲಿಲ್ಲ," ಎಂದರು. ಆ ರಾತ್ರಿ ಹಸಿವಿಲ್ಲವೆಂದು ಮಲಗಿದರು.

ಮೊಸರನ್ನ ನಿಂತು ಎರಡು ದಿನವಾದರೂ ಭೇದಿ ನಿಲ್ಲಲಿಲ್ಲ. ನಾಲ್ಕು ಗಂಟೆಯಲ್ಲಿ ಖಾಲಿಯಾಗುವ ಕರುಳಿನಲ್ಲಿ ಎರಡು ದಿನದ ಹಿಂದಿನ ಮೊಸರು ಎಲ್ಲಿಂದ ಬರಬೇಕು? ಇಷ್ಟು ಲೆಕ್ಕ ವೈದ್ಯನಿಗೆ ಮೊದಲೇ ಹೊಳೆಯಬೇಕಿತ್ತು.

ಮೂರನೆಯ ದಿನ ಬೆಳಿಗ್ಗೆ ಅಮ್ಮ ಪೊರಕೆಯ ತುದಿಯಲ್ಲಿ ದಿವಾನದ ಅಡಿಯಿಂದ ಏನನ್ನೋ ಎಳೆದರು. ನಮ್ಮದೇ ಬಚ್ಚಲುಮನೆಯ ರಬ್ಬರ್ ಚಪ್ಪಲಿ, ಎಡಗಾಲಿನದು. ಹಿಮ್ಮಡಿಯಲ್ಲಿ ಕಚ್ಚಿ ಕಿತ್ತ ಗುರುತು. ಉದುರಿದ ಚೂರುಗಳನ್ನು ಗುಡಿಸಿ ಜೋಡಿಸಿ ನೋಡಿದ್ದರು. "ಇದಕ್ಕೆ ಒಂದು ತುಂಡು ಕಮ್ಮಿ ಬರತ್ತೆ ನೋಡೋ."

ಫೆರೆಟ್ಟಿಗೆ ರಬ್ಬರೆಂದರೆ ಪ್ರಾಣವಂತೆ. ವಾಂತಿಯಾಗದೆಯೂ ಅದು ಒಳಗೆ ಸಿಕ್ಕಿಕೊಂಡಿರಬಹುದಂತೆ. ಅಂದೇ 140 ಕಿಲೋಮೀಟರ್ ದೂರದ ದುಬೈಗೆ ಕಾರು ಓಡಿಸಿದೆವು. ಅಮ್ಮನೂ ಬಂದರು. ಪುಟ್ಟಣ್ಣನ ಬುಟ್ಟಿ ದಾರಿಯುದ್ದಕ್ಕೂ ಅವರ ತೊಡೆಯ ಮೇಲೇ ಇತ್ತು. ಎಕ್ಸರೇಯಲ್ಲಿ ರಬ್ಬರು ಸರಿಯಾಗಿ ಕಾಣಲಿಲ್ಲ, ಆದರೆ ಒಂದು ಕಡೆ ಕರುಳು ಗಾಳಿ ತುಂಬಿ ಉಬ್ಬಿತ್ತು. ಪಶುವೈದ್ಯೆ ಆಪರೇಷನ್ನೇ ಆಗಬೇಕೆಂದರು. ನಾವು ರೋಗಿಗಳನ್ನು ರಾತ್ರಿಯೆಲ್ಲ ಉಪವಾಸ ಕೆಡವಿ ರೂಢಿಯವರು. ಇದನ್ನು ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹಸಿವಿನಲ್ಲಿಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆಯೆಂದು ಅವರೇ ಹೇಳಿಕೊಟ್ಟರು. ಹೊರಬಂದ ತುಂಡು ಹುಣಸೆಬೀಜಕ್ಕಿಂತ ತುಸು ದೊಡ್ಡದು. ಇನ್ನೂ ಎರಡು ದಿನ ತಡೆದಿದ್ದರೆ ಕರುಳೇ ಕೊಳೆಯುತ್ತಿತ್ತು.

ಅಮ್ಮನ ಹತ್ತಿರ ತಪ್ಪಾಯಿತು ಎನ್ನಲು ನಮಗೆ ನಾಲಿಗೆ ಏಳಲಿಲ್ಲ. ಮರಳಿ ಬಂದ ರಾತ್ರಿ ಮೊಸರನ್ನ ನಾವೇ ಕಲಸಿ ಅವರ ತಟ್ಟೆಗೆ ಹಾಕಿದೆವು. "ಉಪ್ಪು ಸಾಲದು," ಎಂದರು.

ಅವರು ಜನವರಿಯಲ್ಲಿ ಮೈಸೂರಿಗೆ ಹಿಂದಿರುಗಿದರು. ಈಗ ವಾರಕ್ಕೊಮ್ಮೆ ಫೋನು ಬರುತ್ತದೆ. ಮೊದಲು ಪುಟ್ಟಣ್ಣನ ಸಮಾಚಾರ, ಆಮೇಲೆ ಚಪ್ಪಲಿ ಎಲ್ಲಿಟ್ಟಿದ್ದೀಯ ಎಂಬ ಪ್ರಶ್ನೆ. ಬೀರುವಿನ ಮೇಲೆ, ಅಮ್ಮಾ.