ಮೀಯಿಸುವ ಅಜ್ಜಿ

ಎಣ್ಣೆ ಹದಕ್ಕೆ ಬಿಸಿಯಾಗಿದೆಯೇ ಎಂದು ಅವರು ನೋಡುತ್ತಿದ್ದದ್ದು ಮೊಣಕೈಯ ಒಳಬದಿಯಲ್ಲಿ. ಅಲ್ಲಿ ಒಂದು ತೊಟ್ಟು ಬಿಟ್ಟುಕೊಂಡು, ಕಣ್ಣು ಮುಚ್ಚಿ, ಅರೆಗಳಿಗೆ ಸುಮ್ಮನಿರುತ್ತಿದ್ದರು. ಬೆರಳು ಅದ್ದಿ ನೋಡಿದರಾಗದೇ ಎಂದು ಕೇಳಿದ್ದಕ್ಕೆ, "ಈ ಕೈಗೆ ಬಿಸಿ ಗೊತ್ತಾಗುವುದಿಲ್ಲ ಮಗಾ, ಎಷ್ಟು ಹಂಡೆ ನೀರು ಮೊಗೆದ ಕೈ ಇದು" ಎಂದಿದ್ದರು. ಅದು 1974ರ ಆಟಿ ತಿಂಗಳು. ತಮ್ಮ ಹುಟ್ಟಿ ಹನ್ನೊಂದು ದಿನ. ನನಗೆ ಏಳು ವರ್ಷ, ಎಣ್ಣೆಯ ಗಿಂಡಿ ಹಿಡಿದುಕೊಂಡು ಬಚ್ಚಲಿನ ಬಾಗಿಲಲ್ಲಿ ನಿಲ್ಲುವುದು ನನ್ನ ಪಾಲಿಗೆ ಬಂದ ಕೆಲಸ.

ಮಂಗಲ್ಪಾಡಿಯ ನಮ್ಮ ಸುತ್ತಿನಲ್ಲಿ ಅವರನ್ನು ಎಲ್ಲರೂ 'ಮೀಯಿಸುವ ಅಜ್ಜಿ' ಎಂದೇ ಕರೆಯುತ್ತಿದ್ದದ್ದು. ಆಗ ಅವರಿಗೆ ನಲವತ್ತು ತುಂಬಿರಲಿಲ್ಲ. ಅವರ ತಾಯಿಯೂ ಬಾಣಂತಿಯರನ್ನು ಮೀಯಿಸಿದವರೇ. ತಾಯಿ ಹೋದ ಮೇಲೆ ಕೆಲಸದ ಜೊತೆ ಹೆಸರೂ ಇವರಿಗೆ ಬಂತು. ನಮ್ಮ ಮನೆಯಲ್ಲಿ ತುಳು ಮಾತಾಡುತ್ತಿದ್ದರು. ಬಂದ್ಯೋಡಿನ ಕಡೆಯ ತೀಯರ ಮನೆಗಳಿಗೆ ಹೋದರೆ ಮಲಯಾಳ, ಬ್ಯಾರಿಗಳ ಮನೆಯಲ್ಲಿ ಬ್ಯಾರಿ ಭಾಷೆ. ಉಪ್ಪಳದಲ್ಲಿ ಉರ್ದು ಮಾತಾಡುವ ಹನಫಿ ಮನೆಗಳಿವೆ. ಅಲ್ಲಿಗೂ ಕರೆ ಬರುತ್ತಿತ್ತು, ಅಲ್ಲಿಗೆ ಬೇಕಾದಷ್ಟು ಉರ್ದು ಅವರ ಬಾಯಲ್ಲಿತ್ತು. ಕನ್ನಡ ನಮ್ಮ ಶಾಲೆಯ ಭಾಷೆ, ಅವರಿಗೆ ಅದು ಓದಲು ಬರುತ್ತಿರಲಿಲ್ಲ. ಮಗುವಿನ ಕಾಲು ಮಡಿಸಿ ಹೊಟ್ಟೆಗೆ ತಾಗಿಸುವಾಗ ಹೇಳುವ ಮುದ್ದಿನ ಮಾತೂ ಮನೆಗೊಂದು ಭಾಷೆಯಲ್ಲಿ ಇರುತ್ತಿತ್ತು.

ಮಗುವಿಗೆ ಒಂದು ಎಣ್ಣೆ, ಬಾಣಂತಿಗೆ ಬೇರೆ. ಮಗುವಿನ ಎಣ್ಣೆಗೆ ಕೊಬ್ಬರಿಯನ್ನು ಗಾಣಕ್ಕೆ ಒಯ್ಯುವುದಿಲ್ಲ. ಹಸಿ ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಉರುಳಿಯಲ್ಲಿ ಸಣ್ಣ ಉರಿಗೆ ಕಾಯಿಸಿ ತೆಗೆಯಬೇಕು. ಮಲಯಾಳದವರು ಉರುಕ್ಕು ವೆಳಿಚ್ಚೆಣ್ಣ ಎನ್ನುವುದು ಇದನ್ನೇ. ತಳದಲ್ಲಿ ನಿಂತ ಕಂದು ಗಸಿಗೆ ಬೆಲ್ಲ ಬೆರೆಸಿ ನಮಗೆ ಕೊಡುತ್ತಿದ್ದರು, ಆ ಸುಟ್ಟ ಹಾಲಿನ ಪರಿಮಳ ಬಾಣಂತನದ ಪರಿಮಳವೆಂದೇ ನನ್ನ ಮನಸ್ಸಿನಲ್ಲಿ ಕೂತಿದೆ. ಬಾಣಂತಿಗೆ ಧಾನ್ವಂತರ ತೈಲ. ಅದರ ಮುಖ್ಯ ಬೇರು ಕುರುಂತೋಟಿ, ಸಂಸ್ಕೃತದವರ ಬಲಾ. ಕೋಟಕ್ಕಲ್‌ನಲ್ಲಿ ಪಿ.ಎಸ್. ವಾರಿಯರ್ 1902ರಲ್ಲಿ ಆರ್ಯ ವೈದ್ಯಶಾಲೆ ತೆರೆದ ಮೇಲೆ ಇಂಥ ತೈಲಗಳು ಶೀಶೆಯಲ್ಲಿ ಸಿಗುವಂತಾದವು, ನಮ್ಮ ಮನೆಗೂ ಶೀಶೆಯೇ ಬರುತ್ತಿತ್ತು. ಅಜ್ಜಿ ಅದನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಬತ್ತಿಯೊಂದನ್ನು ಅದ್ದಿ ಹೊತ್ತಿಸುತ್ತಿದ್ದರು. ಚಟಪಟ ಎಂದರೆ ಎಣ್ಣೆಯಲ್ಲಿ ನೀರಿನ ಪಸೆ ಉಳಿದಿದೆ, ಪಾಕ ಬಂದಿಲ್ಲ ಎಂದು ಅರ್ಥ.

ಬೆಳಗ್ಗೆಯೇ ಹಂಡೆಗೆ ಬೆಂಕಿ ಹಾಕಿ ನೀರಿಗೆ ನೆಕ್ಕಿ ಸೊಪ್ಪು, ಹಲಸಿನ ಎಲೆ ಬಿಟ್ಟಿರುತ್ತಿದ್ದರು. ಅಮ್ಮನನ್ನು ಹಲಗೆಯ ಮೇಲೆ ಮಲಗಿಸಿ ನೆತ್ತಿಯಿಂದ ಸುರು. ತಲೆಗೆ, ಕಿವಿಯ ಹಿಂದಕ್ಕೆ, ಅಂಗಾಲಿಗೆ ಎಂದೂ ಅವಸರವಿಲ್ಲ. ವಾಗ್ಭಟನ ಅಷ್ಟಾಂಗಹೃದಯ ಕೂಡ ಅಭ್ಯಂಗದಲ್ಲಿ ತಲೆ, ಕಿವಿ, ಪಾದ ಇವು ಮೂರನ್ನೇ ಎತ್ತಿ ಹೇಳುತ್ತದೆ ಎಂದು ಎಷ್ಟೋ ವರ್ಷದ ಮೇಲೆ ತಿಳಿದಾಗ ನನಗೆ ಅಚ್ಚರಿಯಾಯಿತು. ಅಜ್ಜಿ ವಾಗ್ಭಟನ ಹೆಸರು ಕೇಳಿದವರಲ್ಲ. ಉದ್ದದ ಎಲುಬಿದ್ದಲ್ಲಿ ಕೈ ಉದ್ದಕ್ಕೆ ಓಡುತ್ತಿತ್ತು, ಗಂಟು ಬಂದಲ್ಲಿ ಸುತ್ತುತ್ತಿತ್ತು. ಸೊಂಟದ ಹತ್ತಿರ ಒಂದು ಕಡೆ ನಿಂತು, ಅಂಗೈಯ ಬುಡವನ್ನು ಅಲ್ಲೇ ಊರಿ, "ಇಲ್ಲಿ ಕಟ್ಟಿಕೊಂಡಿದೆ" ಎನ್ನುತ್ತಿದ್ದರು. ಅಮ್ಮ ಹೂಂ ಎನ್ನುವುದಕ್ಕೆ ಮೊದಲೇ ಅವರಿಗೆ ಗೊತ್ತಾಗಿರುತ್ತಿತ್ತು.

ಒಂದು ದಿನ ಅಮ್ಮ ಅತ್ತರು. ನೋವಿಗೆ ಅಳು ಬಂತೆಂದು ನಾನು ಹೆದರಿದೆ. ಅಜ್ಜಿ ಏನೂ ಕೇಳಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಎಡಗೈಯಲ್ಲಿ ತಂಬಿಗೆ ತೆಗೆದುಕೊಂಡು ಖಾಲಿ ನೆಲಕ್ಕೆ ನೀರು ಹೊಯ್ಯತೊಡಗಿದರು. ಒಂದು ತಂಬಿಗೆ, ಇನ್ನೊಂದು, ಮತ್ತೊಂದು. ಯಾಕೆ ನೀರು ಚೆಲ್ಲುತ್ತಾರೆ ಎಂದು ನನಗೆ ಆಗ ತಿಳಿಯಲಿಲ್ಲ. ಹೊರಗೆ ಜಗಲಿಯಲ್ಲಿ ಕೂತವರಿಗೆ ಅಳು ಕೇಳಿಸಬಾರದಿತ್ತು. ಹೆತ್ತ ಹೆಂಗಸಿಗೆ ಅಳಲು ಇಡೀ ಮನೆಯಲ್ಲಿ ಬಚ್ಚಲೊಂದೇ ಜಾಗ ಎಂಬುದನ್ನು ಅವರು ಅರಿತಿದ್ದರು.

ಮಗುವಿನ ಸ್ನಾನ ಆಮೇಲೆ. ಅಜ್ಜಿ ಕಾಲು ಚಾಚಿ ನೆಲಕ್ಕೆ ಕೂತು, ಅಡಿಕೆ ಹಾಳೆಯ ಮೇಲೆ ಎಣ್ಣೆ ಹಚ್ಚಿದ ತಮ್ಮನನ್ನು ಮಲಗಿಸಿಕೊಳ್ಳುತ್ತಿದ್ದರು. ಹಾಳೆಯ ಮೇಲೆ ನೀರು ಹರಿದು ಹೋಗುವ ಸದ್ದು ಮೆತ್ತಗೆ, ಮಳೆ ಸೋಗೆಯ ಮೇಲೆ ಬಿದ್ದ ಹಾಗೆ. ಕೊನೆಯ ತಂಬಿಗೆಯನ್ನು ಮಗುವಿನ ತಲೆಯ ಸುತ್ತ ನಿವಾಳಿಸಿ ಚೆಲ್ಲಿದರೆ ಆ ದಿನದ ಕೆಲಸ ಮುಗಿಯಿತು.

ಆಟಿ ತಿಂಗಳು ಬಂತೆಂದರೆ ಇನ್ನೊಂದು ಬಗೆಯ ಎಣ್ಣೆಕೈಯೂ ಊರಿಗೆ ಬರುತ್ತಿತ್ತು. ಮಲಯಾಳದ ಲೆಕ್ಕದಲ್ಲಿ ಅದು ಕರ್ಕಾಟಕ, ಎಣ್ಣೆ ಹಚ್ಚಿ ಮೈ ಉಜ್ಜುವ ಉಳಿಚ್ಚಿಲ್‌ನ ಕಾಲ. ಮಳೆಗೆ ಮೈ ತಂಪಾಗಿರುವಾಗ ಎಣ್ಣೆ ಒಳಕ್ಕೆ ಇಳಿಯುತ್ತದೆ ಎನ್ನುವುದು ಮಲಯಾಳದವರ ನಂಬಿಕೆ. ಅಡಿಕೆ ಮರದಿಂದ ಜಾರಿ ಸೊಂಟ ಹಿಡಿದುಹೋಗಿದ್ದ ಮಾವನಿಗಾಗಿ ಚೆರುವತ್ತೂರಿನ ಕಡೆಯಿಂದ ಕಳರಿಯ ಗುರುಕ್ಕಳೊಬ್ಬರನ್ನು ಕರೆಸಿದ್ದರು. ಅಡ್ಡಕ್ಕೆ ಹಗ್ಗ ಕಟ್ಟಿ, ಅದನ್ನು ಹಿಡಿದು, ಅವರು ತಮ್ಮ ಭಾರವನ್ನು ಬೇಕಾದಷ್ಟೇ ಬಿಟ್ಟುಕೊಳ್ಳುತ್ತಾ ಅಂಗಾಲಿನಿಂದ ಮಾವನ ಬೆನ್ನಿನುದ್ದಕ್ಕೂ ಉಜ್ಜುತ್ತಿದ್ದರು. ಚವಿಟ್ಟಿ ಉಳಿಚ್ಚಿಲ್ ಎಂದರೆ ಅದು. ಹದಿನಾಲ್ಕು ದಿನ ಉಜ್ಜಿದರೆ ಆಮೇಲೆ ಅಷ್ಟೇ ದಿನ ಪಥ್ಯ. ಮೈಯೆಲ್ಲ ಕಣ್ಣಾಗಬೇಕು ಎನ್ನುವುದು ಕಳರಿಯವರ ಮಾತು. ಹೊಡೆಯಲು ಕಲಿತ ಕಾಲೇ ಮರ್ಮ ಎಲ್ಲಿದೆ ಎಂದು ತಿಳಿದು ಅದನ್ನು ತಪ್ಪಿಸಿ ನಡೆಯುವುದನ್ನು ಕಿಟಕಿಯಿಂದ ನೋಡಿದ್ದೇನೆ. ತೆಂಕಣ ಉಳಿಚ್ಚಿಲ್ ಮತ್ತು ಬಡಗಣ ಎಣ್ಣೆನೀರು ಒಂದೇ ಅಂಗಳದಲ್ಲಿ ಸೇರುವ ಊರು ನಮ್ಮದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು, ಗಡಿಯ ಮಾತು ಅಲ್ಲಿಂದ ಇವತ್ತಿನ ತನಕ ಮುಗಿದಿಲ್ಲ. ಬಚ್ಚಲಿನಲ್ಲಿ ಮಾತ್ರ ಆ ಗಡಿ ಇರಲಿಲ್ಲ.

ಗುರುಕ್ಕಳಿಗೆ ವೀಳ್ಯದೆಲೆ, ಅಡಿಕೆ, ದಕ್ಷಿಣೆ, ಕಾಲಿಗೆ ನಮಸ್ಕಾರ. ಅಜ್ಜಿಗೆ ಎರಡು ಸೇರು ಅಕ್ಕಿ, ತೆಂಗಿನಕಾಯಿ, ನಲವತ್ತನೆಯ ದಿನ ಒಂದು ಸೀರೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಬರೆಯದೆ ಬಿಟ್ಟರೆ ಈ ನೆನಪಿಗೆ ಅರ್ಥವಿಲ್ಲ. ಅಮ್ಮನ ಮೈಯ ನೋವನ್ನೆಲ್ಲ ಬಲ್ಲ ಆ ಕೈಗೆ ನಮ್ಮ ಮನೆಯಲ್ಲಿ ಊಟ ಬಡಿಸುತ್ತಿದ್ದದ್ದು ಹಿಂದಿನ ಜಗಲಿಯಲ್ಲಿ. ಬಚ್ಚಲಿನ ಬಾಗಿಲು ಅವರಿಗೆ ತೆರೆದಿತ್ತು, ಅಡುಗೆಮನೆಯದ್ದು ತೆರೆದಿರಲಿಲ್ಲ. ಅವರ ಮಗಳು ಈ ಕೆಲಸ ಕಲಿಯಲಾರೆ ಎಂದು ಹೇಳಿ ನರ್ಸಿಂಗ್ ಓದಲು ಹೋದಾಗ ಊರಿನ ಹಿರಿಯರು ಕೆಲವರು ಗೊಣಗಿದರು. ನನಗೆ ಹುಡುಗಿ ಮಾಡಿದ್ದು ಸರಿ ಅನಿಸಿತು, ಈಗಲೂ ಅನಿಸುತ್ತದೆ.

1991ರಲ್ಲಿ ನನ್ನ ಬಾಣಂತನ. ಆಸ್ಪತ್ರೆಯಲ್ಲಿ ಹೆರಿಗೆ, ಆದರೆ ಮೀಯಿಸಲು ಅವರೇ. ನನ್ನ ಬೆನ್ನು ಮುಟ್ಟಿದ ಕೂಡಲೇ "ಅಮ್ಮನದ್ದೇ ಬೆನ್ನು, ಎಡಗಡೆ ಹಿಡಿಯುವುದೂ ಅಲ್ಲೇ" ಎಂದರು. ಹದಿನೇಳು ವರ್ಷದ ಹಿಂದೆ ಮುಟ್ಟಿದ ಮೈ ಅವರ ಅಂಗೈಯಲ್ಲಿ ಹಾಗೆಯೇ ಇತ್ತು. ಯಾವ ವಹಿಯಲ್ಲೂ ಬರೆದಿಡದ ಲೆಕ್ಕ ಅದು. ನಾನೂ ಅತ್ತೆ. ನೀರು ಹೊಯ್ದರು.

ಆಮೇಲೆ ಒಂದೊಂದೇ ಕಳಚಿತು. ಸಿಸೇರಿಯನ್ ಹೆಚ್ಚಾಯಿತು. ಹೊಲಿಗೆ ಹಾಕಿದ ಹೊಟ್ಟೆಗೆ ಕೈ ಹಾಕಲು ಅಜ್ಜಿ ತಾವೇ ಒಪ್ಪುತ್ತಿರಲಿಲ್ಲ. ಮಗುವಿನ ಮೂಗು, ಕಿವಿಗೆ ಎಣ್ಣೆ ಬಿಡಬೇಡಿ, ತಲೆ ಒತ್ತಿ ಉರುಟು ಮಾಡಬೇಡಿ ಎಂದು ಡಾಕ್ಟರು ಹೇಳಿದರು. ಅದು ಸರಿಯಾದ ಮಾತೇ, ಅಜ್ಜಿಯೂ ಆ ಎರಡನ್ನು ಬಿಟ್ಟರು. ಹಂಡೆಯ ಜಾಗಕ್ಕೆ ಗೀಸರ್ ಬಂತು. ಟೈಲ್ಸ್ ಹಾಕಿದ ಬಾತ್‌ರೂಮಿನಲ್ಲಿ ಇಬ್ಬರು ಕೂರುವಷ್ಟು ನೆಲವಿಲ್ಲ, ಎಣ್ಣೆ ಬಿದ್ದರೆ ಜಾರುತ್ತದೆ. ಹೆದ್ದಾರಿ ಆರು ಪಥವಾದ ಮೇಲಂತೂ ಅವರು ನಡೆದು ದಾಟುತ್ತಿದ್ದ ರಸ್ತೆಗೆ ಗೋಡೆ ಎದ್ದಿತು, ಆಚೆ ಮಗ್ಗುಲಿನ ಮನೆಗೆ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಹೋಗಬೇಕು.

ಅದೇ ಹೆದ್ದಾರಿಯ ಬದಿಯಲ್ಲಿ ಈಗ ಆಯುರ್ವೇದ ಮಸಾಜ್‌ನ ಬೋರ್ಡುಗಳಿವೆ. ಬೇಕಲದ ರೆಸಾರ್ಟುಗಳಲ್ಲಿ ಕಿಳಿ, ಪಿಳಿಚ್ಚಿಲ್ ಎಲ್ಲ ಸಿಗುತ್ತದೆ. ಬಾಣಂತನಕ್ಕೂ ಹದಿನಾಲ್ಕು ದಿನ, ಇಪ್ಪತ್ತೆಂಟು ದಿನ ಎಂದು ಪ್ಯಾಕೇಜು ಇದೆ. ಬರುವ ಹೆಣ್ಣುಮಕ್ಕಳು ತರಬೇತಿಯಾದವರು. ಅವರಿಗೆ ಮರ್ಯಾದೆಯ ಸಂಬಳ ಸಿಗುತ್ತದೆ, ಅಜ್ಜಿಗೆ ಅದು ಎಂದೂ ಸಿಗಲಿಲ್ಲ. ಈ ಹೆಣ್ಣುಮಕ್ಕಳ ಕೆಲಸವನ್ನು ನಾನು ಹಗುರ ಮಾಡಲಾರೆ. ಆದರೆ ಇಪ್ಪತ್ತೆಂಟನೆಯ ದಿನ ಮುಗಿದರೆ ಅವರು ಇನ್ನೊಂದು ಊರಿಗೆ, ಇನ್ನೊಂದು ಮೈಗೆ. ತಾಯಿಯ ಬೆನ್ನು ಬಲ್ಲ ಕೈ ಮಗಳ ಬೆನ್ನಿಗೆ ಬರುವುದು ಇನ್ನಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರು ಹಿಡಿದುಕೊಂಡು ಅಜ್ಜಿಯ ಮನೆಗೆ ಓಡಿದ್ದೆ. ಓದಿ ಹೇಳಿದೆ. ಫೋಟೋವನ್ನು ತುಂಬ ಹೊತ್ತು ನೋಡಿದರು. "ಇವರು ಹೆರಿಸಿದವರು. ಒಳ್ಳೆಯದಾಯಿತು" ಎಂದರು. ಫೋಟೋ ಹಿಡಿದಿದ್ದ ಬೆರಳುಗಳು ಆಗಲೇ ಗಂಟುಗಂಟಾಗಿ ಒಂದರ ಮೇಲೊಂದು ವಾಲಿದ್ದವು. ಕುರುಂತೋಟಿಗೇ ವಾತ ಬಂದರೆ ಹೇಗೆ ಎಂದು ಮಲಯಾಳದಲ್ಲಿ ಒಂದು ಗಾದೆಯಿದೆ. ವಾತಕ್ಕೆ ಮದ್ದಾಗುವ ಗಿಡಕ್ಕೇ ವಾತ ಹಿಡಿದರೆ ಅದನ್ನು ಯಾರು ನೋಡಬೇಕು? ಆ ಬೆರಳುಗಳಿಗೆ ಎಣ್ಣೆ ಹಚ್ಚಲು ಮನೆಯಲ್ಲಿ ಜನವಿರಲಿಲ್ಲ. ನಾನು ಹಚ್ಚಿದೆನೇ? ಆ ದಿನ ಹಚ್ಚಿದೆ, ದಿನಾ ಹೋಗಲಿಲ್ಲ.

2020ರ ಆಟಿಯಲ್ಲಿ ನನ್ನ ಮಗಳಿಗೆ ಹೆರಿಗೆಯಾಯಿತು. ಕೊರೊನಾದಿಂದಾಗಿ ತಲಪಾಡಿಯ ಗಡಿಯಲ್ಲಿ ಓಡಾಟಕ್ಕೆ ಅಡ್ಡಿ, ಮಂಗಳೂರಿನಿಂದ ಬರಬೇಕಾಗಿದ್ದ ಬಾಣಂತನದ ಹೆಂಗಸು ಬರಲಾಗಲಿಲ್ಲ. ಎಂಬತ್ತು ದಾಟಿದ ಅಜ್ಜಿಯನ್ನು ಕರೆಯುವ ಮನಸ್ಸು ನನಗಿರಲಿಲ್ಲ, ಸುದ್ದಿ ಕೇಳಿ ತಾವೇ ಬಂದರು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ನೀನು ಮಾಡು, ನಾನು ಹೇಳುತ್ತೇನೆ ಎಂದರು. ಆದರೆ ಹೇಳಲು ಅವರಿಂದ ಆಗಲಿಲ್ಲ. "ಹೀಗಲ್ಲ" ಎನ್ನುತ್ತಿದ್ದರು. ಹೇಗೆ ಎಂದರೆ ಮಾತಿಗೆ ತಡಕಾಡುತ್ತಿದ್ದರು. ಕೊನೆಗೆ ಎದ್ದು ಬಂದು, ನೆಲಕ್ಕೆ ಕೂರಲಾಗದೆ ಮಣೆಯ ಮೇಲೆ ಕೂತು, ಮಗಳ ಬೆನ್ನ ಮೇಲಿದ್ದ ನನ್ನ ಕೈಯ ಮೇಲೆ ಆ ವಾಲಿದ ಬೆರಳುಗಳನ್ನಿಟ್ಟರು. ಒತ್ತಲು ಶಕ್ತಿ ಇರಲಿಲ್ಲ. ಆದರೂ ನನ್ನ ಕೈ ಎಡಕ್ಕೆ ಸರಿಯಿತು, ನಿಂತಿತು. "ಇಲ್ಲಿ" ಎಂದರು. ಮಗಳು ಹೌದು ಅಜ್ಜೀ ಎಂದಳು. "ನಿನ್ನ ಕೈಗೆ ಅವಸರ" ಎಂದು ನನಗೆ ಹೇಳಿದರು.

ಒಂಬತ್ತು ದಿನ ಬಂದರು. ಹತ್ತನೆಯ ದಿನ ಮಳೆ ಜೋರು, ಮೈ ಬಿಸಿ ಎಂದು ಹೇಳಿಕಳಿಸಿದರು. ಮತ್ತೆ ಬರಲಿಲ್ಲ. ಹಾಳೆಯನ್ನು ಕಾಲ ಮೇಲೆ ಇಟ್ಟುಕೊಂಡು ಆ ದಿನ ನಾನೇ ಕೂತೆ. ಎಣ್ಣೆಯ ಬಿಸಿ ನೋಡಲು ನನಗೆ ಮೊಣಕೈ ಬೇಕಾಗಲಿಲ್ಲ, ಬೆರಳಿಗೇ ಗೊತ್ತಾಯಿತು. ನೀರು ಮುಗಿಯುವ ತನಕ ಮಗು ಅತ್ತಿತು.