ಬಿಸಿಲಿಗೆ ಮೋಸಹೋದ ಕಣ್ಣು

1917. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ. ಮಹಾಯುದ್ಧಕ್ಕೆ ದೇಶ ಈಗಷ್ಟೇ ಧುಮುಕಿದೆ, ರೈಫಲ್ಲುಗಳು ಎಷ್ಟಿದ್ದರೂ ಸಾಲವು. ಕುಲುಮೆಗಳ ಶೆಡ್ಡಿಗೆ ಕಾಲಿಟ್ಟೊಡನೆ ಧಗೆ ಮುಖಕ್ಕೆ ರಾಚುತ್ತದೆ. ದೈತ್ಯ ಸುತ್ತಿಗೆಗಳ ಏಟು ನೆಲದಿಂದ ಅಂಗಾಲಿಗೆ ಏರುತ್ತದೆ. ಸ್ವಲ್ಪ ಸರಿದು ನಿಲ್ಲಿ.

ಕುಲುಮೆಯ ಮುಂದಿರುವವನ ಕೈ ಬಿಡಿ, ಕಣ್ಣು ನೋಡಿ. ಒಳಗೆ ಕಾಯುತ್ತಿರುವ ಉಕ್ಕು 1903ರ ಮಾದರಿಯ ರೈಫಲ್ಲಿಗೆ ರಿಸೀವರ್ ಆಗಬೇಕು. ಬ್ಯಾರೆಲ್ಲಿನ ಬುಡ ತಿರುಪಿನಿಂದ ಕೂರುವುದು ಇದರಲ್ಲೇ, ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ತಡೆದು ಹಿಡಿಯುವುದೂ ಇದೇ. ತೋಟಾ ಸಿಡಿದಾಗ ಚದರ ಅಂಗುಲಕ್ಕೆ ಸುಮಾರು 50,000 ಪೌಂಡ್ ಒತ್ತಡ. ಅದರಿಂದ ಒಂದು ಗೇಣು ಹಿಂದೆ ಸೈನಿಕನ ಕಣ್ಣು.

ಆತ ಬಣ್ಣಕ್ಕೆ ಕಾಯುತ್ತಿದ್ದಾನೆ. ಮಂಕು ಕೆಂಪು, ಉರಿಗೆಂಪು, ಕಿತ್ತಳೆ. ಶಾಖ ಅಳೆಯುವ ಮಾಪಕವಿಲ್ಲ. ವರ್ಷಗಟ್ಟಲೆ ಪಳಗಿದ ಕಣ್ಣೇ ಗತಿ.

ಅಷ್ಟರಲ್ಲಿ ಮೋಡ ಸರಿದು ಕಿಟಕಿಯಿಂದ ಬಿಸಿಲು ಸುರಿಯಿತು. ಉಕ್ಕಿನ ಕಾವು ಇಳಿದಿಲ್ಲ, ಬೆಳಕಿಗೆ ಮಂಕಾಗಿ ಕಂಡಿತು, ಅಷ್ಟೆ. ಇನ್ನೂ ಕಾಯಲೆಂದು ಆತ ಒಳಗೇ ಬಿಟ್ಟ. ಮುಂದೆ ಮಾಪಕ ತಂದಿಟ್ಟಾಗ ಗೊತ್ತಾಯಿತು: ಮೋಡದ ದಿನಕ್ಕಿಂತ ಬಿಸಿಲಿನ ದಿನ ಶಾಖ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೆಚ್ಚಿರುತ್ತಿತ್ತು! ಅತಿಯಾಗಿ ಕಾದ ಉಕ್ಕಿನ ಒಳಕಣಗಳು ದಪ್ಪಗಾಗಿ ಕಸುವು ಹೋಗುತ್ತದೆ.

ಪಕ್ಕದಲ್ಲಿ ಮುಂದಿನ ಕೆಲಸ. ರಿಸೀವರನ್ನು ಸುಟ್ಟ ಮೂಳೆಯ ಚೂರುಗಳ ನಡುವೆ ಹೂತು ಕಾಯಿಸಿದರೆ ಇಂಗಾಲ ಮೇಲ್ಪದರಕ್ಕೆ ಇಳಿಯುತ್ತದೆ. ಎಣ್ಣೆಗೆ ಅದ್ದಿದಾಗ ಸೊರ್ರೆಂದು ಹೊಗೆ, ಮೇಲ್ಮೈ ಗಡಸು. ಕೊನೆಗೆ ಕಪ್ಪು ಮೆರುಗು ಹತ್ತಿತೆಂದರೆ ಹದವಾದದ್ದೂ ಸುಟ್ಟದ್ದೂ ಒಂದೇ ಥರ. ಮೆರುಗು ತುಕ್ಕು ತಡೆದೀತು, ಒಳಗುಟ್ಟು ಹೇಳದು.

ಅದೇ ವರ್ಷ ಕೆಲವು ರೈಫಲ್ಲುಗಳು ಗುಂಡು ಹಾರಿಸುವಾಗಲೇ ಒಡೆದವು. ತೋಟಾಗಳಲ್ಲೂ ದೋಷವಿತ್ತು, ನಿಜ. ಆದರೆ ಒಳ್ಳೆಯ ಉಕ್ಕು ಬಾಗಿಯಾದರೂ ತಡೆಯುತ್ತದೆ. ಇವು ಗಾಜಿನಂತೆ ಚೂರಾದವು. ದೂರು ಕುಲುಮೆಯವನ ಮೇಲೆ ಹೊರಿಸುವುದು ಸುಲಭ. ನನ್ನ ಲೆಕ್ಕದಲ್ಲಿ ತಪ್ಪು, ಮಾಪಕ ಕೊಡದೆ ಅವನ ಕಣ್ಣನ್ನೇ ನೆಚ್ಚಿಕೊಂಡವರದು.

1918ರ ಆರಂಭದಲ್ಲಿ ಮಾಪಕಗಳ ಜೊತೆಗೆ ಎರಡು ಸಲ ಕಾಯಿಸಿ ಹದಗೊಳಿಸುವ ಪದ್ಧತಿಯೂ ಬಂತು. ಹೊಸ ರಿಸೀವರುಗಳ ಕ್ರಮಸಂಖ್ಯೆ ಸುಮಾರು 8,00,000ದಿಂದ ಶುರು. ಸ್ಪ್ರಿಂಗ್‌ಫೀಲ್ಡ್‌ನ ಹಳೆಯ 1903 ಎಲ್ಲಾದರೂ ಕೈಗೆ ಸಿಕ್ಕರೆ ಮೊದಲು ಆ ಸಂಖ್ಯೆ ಓದಿ. ಅದಕ್ಕಿಂತ ಕಡಿಮೆಯಿದ್ದರೆ ಗೋಡೆಗೆ ತೂಗುಹಾಕಿ, ಗುಂಡು ಹಾರಿಸಬೇಡಿ.