ಲಾರಿಯಾಗುವ ರೋಬೋ, ಅದರ ರೇಟು

ಆಟಿಕೆ ಸಂಗ್ರಹಿಸುತ್ತೇನೆ ಎಂದರೆ ಕಾಲೇಜಿನಲ್ಲಿ ಬರುವ ಮೊದಲ ಪ್ರಶ್ನೆ, "ಚನ್ನಪಟ್ಟಣದ ಗೊಂಬೆನಾ?" ಕೆಲವರಂತೂ ಆ ಗೊಂಬೆಗಳು ನಮ್ಮ ಚನ್ನರಾಯಪಟ್ಟಣದಲ್ಲೇ ತಯಾರಾಗುತ್ತವೆ ಎಂದುಕೊಂಡಿದ್ದಾರೆ. ಅದು ರಾಮನಗರದ ಪಕ್ಕದ ಊರು ಸ್ವಾಮಿ! ಆಲೆ ಮರ, ಅರಗಿನ ಬಣ್ಣ, ನೋಡಲು ಚಂದವೇ. ಆದರೆ ನನ್ನ ಹುಚ್ಚು ಬೇರೆ. ಮಡಚಿದರೆ ಗಾಡಿ, ಬಿಚ್ಚಿದರೆ ರೋಬೋ ಆಗುವ ಟ್ರಾನ್ಸ್‌ಫಾರ್ಮರ್ಸ್. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮಂಚದ ಕೆಳಗಿನ ಟ್ರಂಕಿನಲ್ಲಿ ಹನ್ನೊಂದು ಇವೆ. ಎಲ್ಲವೂ ಸೆಕೆಂಡ್ ಹ್ಯಾಂಡ್, ಏಕೆಂದರೆ ಹೊಸದಕ್ಕೆ ಸಾವಿರಗಟ್ಟಲೆ ಬೇಕು. ಅಮ್ಮಿ ಅದನ್ನು ಕಬಾಡಾ ಟ್ರಂಕ್ ಎನ್ನುತ್ತಾರೆ.

ಇವುಗಳ ಮೂಲ ಜಪಾನ್. ಅಲ್ಲಿನ ಟಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೋಮ್ಯಾನ್ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೋ ಕಂಪನಿ ತೆಗೆದುಕೊಂಡು 1984ರಲ್ಲಿ ಹೊಸ ಹೆಸರಿಟ್ಟು ಮಾರಿತು. ಕೆಂಪು ಲಾರಿಯಾಗುವ ಆಪ್ಟಿಮಸ್ ಪ್ರೈಮ್ ಇವರ ನಾಯಕ.

ಕಳೆದ ತಿಂಗಳು ಅರಕಲಗೂಡಿನಿಂದ ಬರುವ ನನ್ನ ಕ್ಲಾಸ್‌ಮೇಟ್ ಒಬ್ಬ ಟವೆಲಿನಲ್ಲಿ ಸುತ್ತಿ ಅಂಥದೇ ಒಂದನ್ನು ತಂದ. ಅವನ ತಂದೆ ಲಾರಿ ಡ್ರೈವರ್. 2019ರಲ್ಲಿ ಆಲೂಗಡ್ಡೆ ಲೋಡ್ ಇಳಿಸಿ ವಾಪಸ್ ಬರುವಾಗ ಚೆನ್ನೈನ ಒಂದು ಬೀದಿ ಅಂಗಡಿಯಲ್ಲಿ 600 ಕೊಟ್ಟು ಕೊಂಡದ್ದಂತೆ. ಈಗ ಲಾರಿ ಗೇರ್‌ಬಾಕ್ಸ್ ಕೆಟ್ಟು ಗ್ಯಾರೇಜಿನಲ್ಲಿ ನಿಂತಿದೆ. ಇವನು ಟ್ಯೂಷನ್ನಿನ ಎರಡನೇ ಕಂತು 1,500 ಕಟ್ಟಬೇಕು. ಫೋಟೋ ನೋಡಿ ಬೆಂಗಳೂರಿನ ಒಬ್ಬರು 2,000ಕ್ಕೆ ಒಪ್ಪಿದ್ದರು. "ಇನ್ನೂ ಜಾಸ್ತಿಗೆ ಹೋಗ್ತದಾ ಅಂತ ಒಂದ್ಸಲ ನೋಡಿ ಹೇಳು," ಎಂದ. ಸಂಜೆ ರೈಲಿನಲ್ಲಿ ಅದನ್ನು ಮನೆಗೆ ಒಯ್ದೆ.

ನಾನು ಮೊದಲು ಮುಖ ನೋಡುವುದಿಲ್ಲ. ತೊಡೆಯ ಒಳಭಾಗ, ಪಾದದ ಅಡಿ ನೋಡುತ್ತೇನೆ. ಒರಿಜಿನಲ್ ಆದರೆ ಅಂಥ ಕಡೆ ಸಣ್ಣ ಅಕ್ಷರದಲ್ಲಿ ಕಂಪನಿಯ ಹೆಸರು ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತದೆ. ಇದರಲ್ಲಿ ಎಲ್ಲ ಕಡೆ ನುಣ್ಣಗಿತ್ತು. ಐಎಸ್‌ಐ ಗುರುತೂ ಇರಲಿಲ್ಲ. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಇದು ಅದಕ್ಕಿಂತ ಹಳೆಯದು. ಕೈಗೆ ಒಳ್ಳೇ ಭಾರ ಸಿಕ್ಕಿತು. ಭಾರ ಇದ್ದರೆ ಒರಿಜಿನಲ್ ಎಂದು ಬಹಳ ಜನ ನಂಬುತ್ತಾರೆ. ನಕಲು ಮಾಡುವವರಿಗೂ ಇದು ಗೊತ್ತು, ಅದಕ್ಕೇ ಕೆಲವರು ಬೇಕೆಂದೇ ಲೋಹದ ತುಂಡು ಸೇರಿಸುತ್ತಾರೆ. ನನ್ನಲ್ಲಿರುವ ಅದೇ ಮಾದರಿಯ ಪಕ್ಕ ನಿಲ್ಲಿಸಿದೆ. ಇದು ಒಂದೂವರೆ ಇಂಚು ಎತ್ತರ.

ಆಮೇಲೆ ಹತ್ತು ಸಲ ಲಾರಿ ಮಾಡಿದೆ, ಹತ್ತು ಸಲ ಬಿಚ್ಚಿದೆ. ಎಡಭುಜದ ಗುಂಡು ಕೀಲು ಸಡಿಲ, ಎತ್ತಿದ ಕೈ ನಿಲ್ಲುವುದಿಲ್ಲ. ಸೊಂಟದ ಪಿನ್ ಹತ್ತಿರ ಪ್ಲಾಸ್ಟಿಕ್ ಬೆಳ್ಳಗಾಗಿತ್ತು. ಬಗ್ಗಿ ಬಗ್ಗಿ ದಣಿದ ಜಾಗ ಅದು, ಮುಂದೆ ಬಿರುಕು ಬಿಡುವುದು ಅಲ್ಲೇ. ಆದರೆ ಆರೂ ಚಕ್ರ ಸಲೀಸಾಗಿ ತಿರುಗುತ್ತಿದ್ದವು, ಮುಂದಿನ ಗ್ರಿಲ್ಲಿನ ಹೊಳಪು ಹೋಗಿರಲಿಲ್ಲ. ಬರೀ ಲಾರಿಯಾಗಿ ನೋಡಿದರೆ ನನ್ನ ಒರಿಜಿನಲ್‌ಗಿಂತ ಇದೇ ಚೆನ್ನಾಗಿತ್ತು.

ಮರುದಿನ ಕ್ಯಾಂಟೀನಿನಲ್ಲಿ, "ಡೂಪ್ಲಿಕೇಟ್ ಕಣೋ," ಎಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವೇನು ಒರಿಜಿನಲ್ ಅಂತ ಹೇಳಿಲ್ವಲ್ಲ. ಅವರೇ ಫೋಟೋ ನೋಡಿ ಒಪ್ಪವ್ರೆ," ಎಂದ.

ಅವನ ಮಾತು ಸುಳ್ಳಲ್ಲ, ಕಷ್ಟ ಇದ್ದದ್ದೇ ಅಲ್ಲಿ. ನಮ್ಮ ಅಬ್ಬಾ ಹಳೇ ಮಿಕ್ಸಿ, ಫ್ಯಾನ್ ರಿಪೇರಿ ಮಾಡಿ ಮಾರುತ್ತಾರೆ. ಗಿರಾಕಿಗೆ ಮೊದಲು ಐಬ್ ಹೇಳುತ್ತಾರೆ, ಆಮೇಲೆ ರೇಟು. ಐಬ್ ಎಂದರೆ ದೋಷ. ಇದರಿಂದ ಅವರಿಗೆ ಎಷ್ಟೋ ವ್ಯಾಪಾರ ತಪ್ಪಿದೆ, ಅದನ್ನೂ ನೋಡಿದ್ದೇನೆ. ಅಕೌಂಟೆನ್ಸಿಯಲ್ಲಿ, ಉಳಿದ ಸರಕನ್ನು ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೇ ಬರೆಯಬೇಕು ಎಂದು ಓದಿದ್ದೇವೆ. ಪರೀಕ್ಷೆಯಲ್ಲಿ ಅದನ್ನು ಬರೆಯುವುದು ಸುಲಭ. ಎದುರಿಗೆ 1,500 ಬೇಕಾದ ಗೆಳೆಯ ಕೂತಿರುವಾಗ ಹೇಳಿ ನೋಡಿ.

ನಾನು ಹೇಳುತ್ತಾ ಹೋದೆ, ಅವನೇ ಟೈಪ್ ಮಾಡಿದ. ಒರಿಜಿನಲ್ ಅಲ್ಲ. ಎಡಭುಜ ಸಡಿಲ. ಸೊಂಟದಲ್ಲಿ ಬಿಳಿ ಗೆರೆ. ಚಕ್ರ ಚೆನ್ನಾಗಿವೆ. ಕಳಿಸುವ ಮುಂಚೆ ಟೀ ಆರುವಷ್ಟು ಹೊತ್ತು ಫೋನ್ ಹಿಡಿದುಕೊಂಡೇ ಕೂತಿದ್ದ. ಮಧ್ಯಾಹ್ನ ಉತ್ತರ ಬಂತು: ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್, 350 ಕೊಡಬಹುದು.

"ಮುನ್ನೂರೈವತ್ತಕ್ಕೆ ಕೊಡಲ್ಲ ಬುಡು," ಎಂದ.

ನನಗೆ ಅಳುಕಿದ್ದದ್ದು ಅವನ ತಂದೆಯ ಬಗ್ಗೆ. ಮೋಸ ಹೋದೆ ಎಂದು ನೊಂದುಕೊಳ್ಳುತ್ತಾರೇನೋ ಎಂದು. ಮನೆಯಲ್ಲಿ ಹೇಳಿದಾಗ ಅವರು, "ಡೂಪ್ಲಿಕೇಟ್ ಅಂತ ಅವತ್ತೇ ಗೊತ್ತಿತ್ತು ಕಣ್ಲಾ. ಲಾರಿ ಲಾರಿ ಥರಾನೇ ಇತ್ತು, ಅದ್ಕೇ ತಂದೆ," ಎಂದರಂತೆ.

ಟ್ಯೂಷನ್ ಸರ್ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ರೋಬೋ ಈಗ ನನ್ನ ಮೇಜಿನ ಮೇಲಿದೆ. ಭುಜದ ಗುಂಡಿಗೆ ಆಪಾಳ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟ್ ಹಚ್ಚಿದ್ದೇನೆ. ಪೂರ್ತಿ ಒಣಗುವ ಮೊದಲು ಜೋಡಿಸಿದರೆ ಕೀಲು ಅಂಟಿಕೊಂಡುಬಿಡುತ್ತದೆ. ಗುರುವಾರ ಕೈ ಹಾಕಿ ಅವನಿಗೆ ವಾಪಸ್ ಕೊಡಬೇಕು.